ಚೌಕಗಳಲ್ಲಿ ಅಡಗಿದ ಜಾಣ

ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ನಮ್ಮ ವಿದ್ಯಾರ್ಥಿನಿಲಯದ ವಾಚನಾಲಯಕ್ಕೆ ಒಂದು ಇಂಗ್ಲಿಷ್ ವೃತ್ತಪತ್ರಿಕೆ ಬರುತ್ತಿದ್ದಿತು. ಅದರ ಕೊನೆಯ ಪುಟದಲ್ಲಿ ಕಪ್ಪುಬಿಳುಪು ಚೌಕಗಳ ಪದಬಂಧ. ನಮಗಿಂತ ಎರಡು ವರ್ಷ ಹಿರಿಯರಾದ ಒಬ್ಬರು ಪ್ರತಿದಿನವೂ ಕಾಫಿ ಆರುವುದರೊಳಗಾಗಿ, ಸೀಸದ ಕಡ್ಡಿಯಿಂದಲ್ಲ, ಮಸಿಯ ಲೇಖನಿಯಿಂದಲೇ ಅದನ್ನು ತುಂಬಿ ಎದ್ದುಹೋಗುತ್ತಿದ್ದರು. ನಾವೆಲ್ಲರೂ ಅವರನ್ನು ‘ಜೀನಿಯಸ್’ ಎಂದೇ ಕರೆಯುತ್ತಿದ್ದೆವು. ನನ್ನ ಕೊಠಡಿಯ ಮಿತ್ರನು ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿಯೇ ಓದಿ ಬಂದವನು. ಗಣಿತದಲ್ಲಿ ನಮ್ಮೆಲ್ಲರಿಗಿಂತ ಮುಂದು. ಅವನು ಹದಿನೈದು ದಿನ ಆ ಚೌಕಗಳೊಡನೆ ಹೆಣಗಿ, ಒಂದು ಮಾತನ್ನೂ ತುಂಬಲಾರದೆ, ಒಂದು ರಾತ್ರಿ ನನ್ನೊಡನೆ, “ನನ್ನ ತಲೆ ಇಂಥದಕ್ಕೆಲ್ಲ ಆಗಿಬಂದದ್ದಲ್ಲ ಕಣೋ. ವಿಜ್ಞಾನ ಬಿಟ್ಟು ಊರಿಗೆ ಹೋಗಿಬಿಡುತ್ತೇನೆ” ಎಂದನು. ಅದು ಹಾಸ್ಯಕ್ಕೆ ಆಡಿದ ಮಾತಾಗಿರಲಿಲ್ಲ. ಪ್ರಿನ್ಸಿಪಾಲರಿಗೆ ಅರ್ಜಿಯನ್ನೂ ಬರೆದಿಟ್ಟಿದ್ದನು.

ಮರುದಿನ ನಾವಿಬ್ಬರೂ ಧೈರ್ಯ ಮಾಡಿ ಆ ಹಿರಿಯರ ಪಕ್ಕದಲ್ಲಿ ಕುಳಿತೆವು. ಅಂದಿನ ಸುಳಿವುಗಳಲ್ಲೊಂದು ‘ವೈಸ್ ಪ್ಲಾಂಟ್’ ಎಂದಿದ್ದಿತು. ಉತ್ತರಕ್ಕೆ ನಾಲ್ಕು ಅಕ್ಷರ. ‘ಬುದ್ಧಿವಂತ ಗಿಡ’ ಎಂದಲ್ಲವೆ ಅದರ ಅರ್ಥ? ಮಿತ್ರನು ಬೋಧಿವೃಕ್ಷದಿಂದ ತೊಡಗಿ ಮುಟ್ಟಿದರೆ ಮುನಿಯವರೆಗೆ ಎಲ್ಲ ಗಿಡಗಳನ್ನೂ ನೆನೆದನು. ಹಿರಿಯರು ನಕ್ಕು, “ಏನಯ್ಯಾ, ಎರಡು ಮಾತನ್ನೂ ಕೂಡಿಸಿ ಓದುತ್ತೀಯಲ್ಲ, ಅದೇ ತಪ್ಪು. ನಡುವೆ ಒಂದು ಗೋಡೆ ಹಾಕು” ಎಂದರು. ಗೋಡೆಯನ್ನು ಹಾಕಿದೊಡನೆ ಅದು ಒಂದು ಪ್ರಶ್ನೆಯಲ್ಲ, ಎರಡು ಪ್ರಶ್ನೆ. ‘ವೈಸ್’, ಎಂದರೆ ವಿವೇಕಿ, ಒಂದು. ‘ಪ್ಲಾಂಟ್’, ಎಂದರೆ ಗಿಡ, ಇನ್ನೊಂದು. ಎರಡಕ್ಕೂ ಒಂದೇ ಉತ್ತರ: ‘ಸೇಜ್’. ಇಂಗ್ಲಿಷಿನಲ್ಲಿ ‘ಸೇಜ್’ ಎಂದರೆ ಜ್ಞಾನಿ. ಪಾಶ್ಚಾತ್ಯರು ಅಡಿಗೆಗೆ ಹಾಕುವ ಒಂದು ಪರಿಮಳದ ಸೊಪ್ಪಿಗೂ ಅದೇ ಹೆಸರು. ಹುಟ್ಟಿನಲ್ಲಿ ಈ ಎರಡಕ್ಕೂ ನಂಟಿಲ್ಲ. ಸೊಪ್ಪಿನ ಹೆಸರು ಲ್ಯಾಟಿನ್ನಿನ ‘ಸಾಲ್ವಿಯ’ ಎಂಬುದರಿಂದ ಬಂದುದು. ಆರೋಗ್ಯ ಎಂಬ ಅರ್ಥದ ಮಾತಿನ ಬಳಗ ಅದು. ಜ್ಞಾನಿಯ ಹೆಸರು ‘ಸಾಪೆರೆ’ ಎಂಬ ಧಾತುವಿನದು. ಅದರ ಮೂಲಾರ್ಥ ರುಚಿ ನೋಡುವುದು. ಫ್ರೆಂಚ್ ಭಾಷೆಯ ದಾರಿಯಲ್ಲಿ ಸವೆದು ಸವೆದು ಎರಡೂ ಒಂದೇ ರೂಪ ತಾಳಿದುವು. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಶ್ಲೇಷ ಎಂದು ಹೆಸರು.

“ಇಷ್ಟೇ ತಾನೆ!” ಎಂದನು ಮಿತ್ರ. ಆ ಉದ್ಗಾರದಲ್ಲಿ ಅರ್ಧ ಸಂತೋಷ, ಅರ್ಧ ಸಿಟ್ಟು ಇದ್ದಿತು. ಪ್ರತಿಭೆ ಎಂದು ನಾವು ಕೈಮುಗಿದದ್ದು ಒಂದು ಸಣ್ಣ ವ್ಯಾಕರಣವಾಗಿದ್ದಿತು. ಆ ವ್ಯಾಕರಣವನ್ನು, ಬಹಳ ಜಾಣರನ್ನು ಕರೆಯುವ ಮಾತುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಇಲ್ಲಿ ಪರಿಶೀಲಿಸೋಣ.

ಪದಬಂಧಗಳಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ಸುಳಿವು ಉತ್ತರದ ಅರ್ಥವನ್ನು ನೇರವಾಗಿ ಹೇಳುತ್ತದೆ. ಬೇಕಾದುದು ಶಬ್ದಸಂಪತ್ತು ಮಾತ್ರ. ಬ್ರಿಟನ್ನಿನಲ್ಲಿ ಬೆಳೆದ ಎರಡನೆಯ ಜಾತಿ ಗೂಢ ಪದಬಂಧ. ಇದರ ಸುಳಿವುಗಳಲ್ಲಿ ಸಾಮಾನ್ಯವಾಗಿ ಎರಡು ಭಾಗಗಳುಂಟು. ಒಂದು, ಉತ್ತರದ ಅರ್ಥ. ಇನ್ನೊಂದು, ಉತ್ತರದ ಅಕ್ಷರಗಳನ್ನು ಕಟ್ಟುವ ಬಗೆ. ಅರ್ಥವನ್ನು ಹೇಳುವ ಭಾಗವು ಸುಳಿವಿನ ಮೊದಲಿನಲ್ಲಿ ಇರುತ್ತದೆ, ಇಲ್ಲವೆ ಕೊನೆಯಲ್ಲಿ ಇರುತ್ತದೆ. ಎರಡೂ ಭಾಗಗಳನ್ನು ಒಂದೇ ವಾಕ್ಯವೆಂಬಂತೆ ಹೊಲಿದಿರುತ್ತಾರೆ; ಆ ಹೊಲಿಗೆಯನ್ನು ಬಿಚ್ಚುವುದೇ ಬಿಡಿಸುವವನ ಕೆಲಸ.

ಉದಾಹರಣೆಗೆ ‘ಜೀನಿಯಸ್’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಪ್ರಾಚೀನ ರೋಮನರಲ್ಲಿ ಪ್ರತಿಯೊಬ್ಬನಿಗೂ ಹುಟ್ಟಿನೊಡನೆ ಒಂದು ಕಾವಲುದೈವ ಬರುವುದೆಂಬ ನಂಬಿಕೆಯಿದ್ದಿತು. ‘ಜೀನಿಯಸ್’ ಎಂಬುದು ಆ ದೈವದ ಹೆಸರು. ನಮ್ಮ ‘ಜನನ’, ‘ಜನ್ಮ’ ಎಂಬ ಮಾತುಗಳಿಗೂ ಅದಕ್ಕೂ ಮೂಲಧಾತು ಒಂದೇ. ಅಂದು ಅದು ಎಲ್ಲರಿಗೂ ಇದ್ದ ವಸ್ತು. ಕೆಲವರಿಗೆ ಮಾತ್ರ ಇರುವ ಅಸಾಮಾನ್ಯ ಬುದ್ಧಿ ಎಂಬ ಅರ್ಥ ಬಲಿತದ್ದು ಬಹಳ ಈಚೆಗೆ. ಇಂಗ್ಲಿಷಿನಲ್ಲಿ ಅದರ ಅಕ್ಷರಗಳು ಜಿ, ಇ, ಎನ್, ಐ, ಯು, ಎಸ್. ಅವನ್ನು ಕಲಕಿದರೆ ‘ಯೂಸಿಂಗ್’ ಎಂಬ ಮಾತಿನ ಐದು ಅಕ್ಷರಗಳೂ, ಮೇಲೆ ಒಂದು ‘ಇ’ಯೂ ದೊರೆಯುವುವು. ಭೌತವಿಜ್ಞಾನದಲ್ಲಿ ‘ಇ’ ಎಂದರೆ ಶಕ್ತಿಯ ಸಂಕೇತ. ಹೀಗಿರಲು, ‘ಯೂಸಿಂಗ್ ಎನರ್ಜಿ ರೆಕ್‌ಲೆಸ್‌ಲಿ, ಬ್ರಿಲಿಯಂಟ್ ಪರ್ಸನ್’ ಎಂದು ಸುಳಿವನ್ನು ಕಟ್ಟಬಹುದು. ಮೇಲುನೋಟಕ್ಕೆ, ತನ್ನ ಶಕ್ತಿಯನ್ನೆಲ್ಲ ಮನಬಂದಂತೆ ವ್ಯಯಿಸುತ್ತಿರುವ ಒಬ್ಬ ಪ್ರತಿಭಾವಂತನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ನಾವು ಅವನನ್ನು ಕುರಿತು ಮರುಗುತ್ತ ಕುಳಿತರೆ ಕೆಟ್ಟೆವು. ‘ಮನಬಂದಂತೆ’ ಎಂಬುದು ಶೀಲದ ವರ್ಣನೆಯಲ್ಲ. ಅಕ್ಷರಗಳನ್ನು ಕಲಕು ಎಂಬ ಆಜ್ಞೆ. ಈ ಬಗೆಯನ್ನು ಅಕ್ಷರಪಲ್ಲಟ ಎನ್ನಬಹುದು. ‘ಕಲಕಿದ’, ‘ಒಡೆದ’, ‘ಅಮಲೇರಿದ’, ‘ಹೊಸ’ ಮುಂತಾದ ಮಾತುಗಳು ಸುಳಿವಿನಲ್ಲಿ ಕಂಡರೆ ಪಲ್ಲಟವನ್ನು ಸಂದೇಹಿಸಬೇಕು.

ಐನ್‌ಸ್ಟೈನರ ಹೆಸರು ಇಂದು ಇಂಗ್ಲಿಷಿನಲ್ಲಿ ಮಹಾಮೇಧಾವಿ ಎಂಬುದಕ್ಕೆ ಪರ್ಯಾಯಪದದಂತೆಯೇ ಸಲ್ಲುತ್ತದೆ. ಆ ಹೆಸರಿನ ಎಂಟು ಅಕ್ಷರಗಳನ್ನು ಪಲ್ಲಟಿಸಿದರೆ ಒಂದೂ ಮಿಗದಂತೆ, ಒಂದೂ ಸಾಲದಂತೆ ‘ನೈಂಟೀಸ್’ ಎಂದಾಗುತ್ತದೆ. ಶತಮಾನದ ಕೊನೆಯ ದಶಕ ಎಂದು ಅರ್ಥ. ‘ನೈಂಟೀಸ್ ಅಪ್‌ಸೆಟ್ ಫಿಸಿಸಿಸ್ಟ್’ ಎಂದರೆ ಸಾಕು, ಸುಳಿವು ಸಿದ್ಧ. ಕೊನೆಯ ದಶಕವು ಭೌತವಿಜ್ಞಾನಿಯನ್ನು ಕಲಕಿತು ಎಂದು ಅದರ ಮೇಲ್ಪದರದ ಅರ್ಥ. ಕುತೂಹಲದ ಸಂಗತಿಯೆಂದರೆ ಈ ಮೇಲ್ಪದರವೂ ಇತಿಹಾಸಕ್ಕೆ ಸಲ್ಲುತ್ತದೆ: 1895ರಲ್ಲಿ ಕ್ಷ-ಕಿರಣ, 1896ರಲ್ಲಿ ವಿಕಿರಣಶೀಲತೆ, 1897ರಲ್ಲಿ ಎಲೆಕ್ಟ್ರಾನು ಬೆಳಕಿಗೆ ಬಂದು ಭೌತವಿಜ್ಞಾನಿಗಳ ನೆಮ್ಮದಿ ಕಲಕಿಹೋದದ್ದು ಆ ಶತಮಾನದ ಕೊನೆಯ ದಶಕದಲ್ಲಿಯೇ. ಒಳ್ಳೆಯ ಸುಳಿವಿನಲ್ಲಿ ಇಂಥ ಒಂದು ಬೋನಸ್ಸು ಇರುವುದುಂಟು.

ಬೇರೆ ಬಗೆಗಳೂ ಇವೆ. ‘ಮೆಸೇಜ್’ ಎಂಬ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಕೊನೆಯ ನಾಲ್ಕು ಅಕ್ಷರಗಳನ್ನು ಮಾತ್ರ ನೋಡಿ: ನಮ್ಮ ‘ಸೇಜ್’ ಅಲ್ಲಿ ಕುಳಿತಿದ್ದಾನೆ. ‘ಸಂದೇಶದ ಭಾಗದಲ್ಲಿ ಕಂಡ ಜ್ಞಾನಿ’ ಎಂದರೆ ಉತ್ತರವು ಪ್ರಶ್ನೆಯೊಳಗೇ ಅಚ್ಚಾಗಿದೆ ಎಂದಾಯಿತು. ಆದರೂ ಹತ್ತು ಜನರಲ್ಲಿ ಎಂಟು ಜನ ಅದನ್ನು ಕಾಣದೆ ದಾಟಿಹೋಗುವುದನ್ನು ನಾನು ನೋಡಿದ್ದೇನೆ. ಪದಗಳ ಜೋಡಣೆ ಇನ್ನೊಂದು ಬಗೆ. ಬುದ್ಧಿಜೀವಿಯನ್ನು ಗೇಲಿಮಾಡುವ ‘ಎಗ್‌ಹೆಡ್’ ಎಂಬ ಅಮೆರಿಕದ ಮಾತು 1952ರ ಅಧ್ಯಕ್ಷ ಚುನಾವಣೆಯಲ್ಲಿ, ತಲೆ ಬೋಳಾಗಿದ್ದ ಅಭ್ಯರ್ಥಿ ಅಡ್ಲೈ ಸ್ಟೀವನ್ಸನ್ನರನ್ನೂ ಅವರ ವಿದ್ಯಾವಂತ ಬೆಂಬಲಿಗರನ್ನೂ ಕುರಿತು ಹಬ್ಬಿತು. ಪದಬಂಧದವನಿಗೆ ಆ ಚುನಾವಣೆ ಬೇಡ, ಮೊಟ್ಟೆಯೂ ಬೇಡ. ‘ಎಗ್’ ಎಂಬುದಕ್ಕೆ ಹುರಿದುಂಬಿಸು, ಕೆಣಕು ಎಂಬ ಕ್ರಿಯಾರ್ಥವೂ ಉಂಟು. ‘ಹೆಡ್’ ಎಂದರೆ ಶಾಲೆಯ ಮುಖ್ಯೋಪಾಧ್ಯಾಯ. ‘ಹೆಡ್ಮಾಸ್ಟರರನ್ನು ಕೆಣಕುವ ಬುದ್ಧಿಜೀವಿ’ ಎಂಬ ಅರ್ಥದ ಸುಳಿವು ಹೊರಡುತ್ತದೆ. ಇನ್ನು ‘ಗುರು’ ಎಂಬ ನಮ್ಮ ಮಾತು ಇಂಗ್ಲಿಷಿಗೆ ಹೋಗಿ ನಾಲ್ಕು ಅಕ್ಷರವಾಗಿದೆ: ಜಿ, ಯು, ಆರ್, ಯು. ಅವುಗಳ ಹೆಸರನ್ನೇ ಗಟ್ಟಿಯಾಗಿ ಓದಿದರೆ, ‘ಜೀ, ಯೂ ಆರ್ ಯೂ’. ‘ಅಬ್ಬಾ, ನೀನು ನೀನೇ’ ಎಂದಂತೆ ಕೇಳಿಸುವುದು. ವೇದಾಂತದ ಗುರುವಿಗೆ ಇದಕ್ಕಿಂತ ಒಪ್ಪುವ ಸುಳಿವು ಬೇಕೆ?

‘ಪಂಡಿತ’ನೂ ಸಮುದ್ರ ದಾಟಿದವನೇ. ಇಂಗ್ಲಿಷಿನ ‘ಪಂಡಿಟ್’ ಎಂಬುದರಲ್ಲಿ ಮೊದಲ ಮೂರು ಅಕ್ಷರ ‘ಪನ್’, ಎಂದರೆ ಶ್ಲೇಷ; ಉಳಿದ ಮೂರು ‘ಡಿಟ್’, ಎಂದರೆ ತಂತಿಯ ಸಂಕೇತದಲ್ಲಿ ಬರುವ ಚುಕ್ಕೆಯ ಸದ್ದು. ಪಂಡಿತನನ್ನು ಒಡೆದರೆ ಶ್ಲೇಷವೂ ಒಂದು ಗುಪ್ತ ಸಂಕೇತವೂ ಉದುರುತ್ತವೆ! ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಭೂಮಾಪನ ಇಲಾಖೆಯು ಹಿಮಾಲಯದಾಚೆಗೆ ಗುಟ್ಟಾಗಿ ಕಳುಹಿಸಿದ ಕುಮಾವೂನಿನ ನೈನ್ ಸಿಂಗರಿಗೆ ‘ಪಂಡಿಟ್’ ಎಂದೇ ಗುಪ್ತನಾಮ. 1865-66ರಲ್ಲಿ ಅವರು ಯಾತ್ರಿಕನ ವೇಷದಲ್ಲಿ ಲಾಸಾದವರೆಗೆ ಹೆಜ್ಜೆಗಳನ್ನು ಎಣಿಸುತ್ತ ನಡೆದರು. ಕೈಯ ಜಪಮಾಲೆಯಲ್ಲಿ 108 ಮಣಿಗಳ ಬದಲು 100. ಪ್ರಾರ್ಥನಾಚಕ್ರದ ಒಳಗೆ ಮಂತ್ರದ ಬದಲು ಅಳತೆಗಳ ಚೀಟಿ. ನೋಡುವವನಿಗೆ ಒಂದು, ಬಲ್ಲವನಿಗೆ ಇನ್ನೊಂದು. ಗೂಢ ಸುಳಿವಿನ ಮರ್ಮವೂ ಇದೇ ಆದುದರಿಂದ ಈ ಮಾತನ್ನು ನಡುವೆ ತಂದೆನು.

ಹಾಗಾದರೆ ಬುದ್ಧಿಯುಳ್ಳವರೂ ಇಂಥ ಸರಳ ತಂತ್ರಕ್ಕೆ ಏಕೆ ಬಲಿಯಾಗುತ್ತಾರೆ? ಉತ್ತರವನ್ನು ಮನೋವಿಜ್ಞಾನದಲ್ಲಿ ಹುಡುಕಬೇಕು. ವಾಚಕರು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಬಣ್ಣದ ಪೆನ್ಸಿಲುಗಳಿಂದ ಒಂದು ಕಾಗದದ ಮೇಲೆ ಇಪ್ಪತ್ತು ಬಣ್ಣಗಳ ಹೆಸರುಗಳನ್ನು ಬರೆಯಿರಿ. ಆದರೆ ‘ಕೆಂಪು’ ಎಂಬುದನ್ನು ಹಸುರಿನಲ್ಲಿ, ‘ನೀಲಿ’ ಎಂಬುದನ್ನು ಕೆಂಪಿನಲ್ಲಿ, ಹೀಗೆ ಹೆಸರಿಗೂ ಬಣ್ಣಕ್ಕೂ ಹೊಂದಿಕೆಯಿಲ್ಲದಂತೆ ಬರೆಯಿರಿ. ಈಗ ಮಿತ್ರನೊಬ್ಬನಿಗೆ ಅದನ್ನು ಕೊಟ್ಟು, ಮಾತನ್ನು ಓದದೆ ಕಣ್ಣಿಗೆ ಕಾಣುವ ಬಣ್ಣವನ್ನು ಮಾತ್ರ ಬೇಗಬೇಗನೆ ಹೇಳೆಂದು ಕೇಳಿ. ಅವನು ತಡವರಿಸುವನು. ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ ಎಂಬಾತನು ಇದನ್ನು 1935ರಲ್ಲಿ ಅಳೆದು ಪ್ರಕಟಿಸಿದನು. ಓದಲು ಚೆನ್ನಾಗಿ ಕಲಿತವನಿಗೆ ಓದದೆ ಇರುವುದು ಅಸಾಧ್ಯವೆಂಬಷ್ಟು ಕಷ್ಟ. ಅರ್ಥವು ನಮ್ಮ ಅನುಮತಿಗೆ ಕಾಯದೆ ಒಳಗೆ ನುಗ್ಗುತ್ತದೆ. ಗೂಢ ಸುಳಿವನ್ನು ಬರೆಯುವವನು ಇದನ್ನೇ ನಂಬಿ ವ್ಯಾಪಾರ ಮಾಡುವನು. ಅವನು ಮೋಸಗೊಳಿಸುವುದು ನಮ್ಮ ದಡ್ಡತನವನ್ನಲ್ಲ, ನಮ್ಮ ಓದಿನ ಅಭ್ಯಾಸವನ್ನು. ಅಕ್ಷರ ಬಾರದವನನ್ನು ಈ ಬಗೆಯಲ್ಲಿ ಮೋಸಗೊಳಿಸಲು ಸಾಧ್ಯವೇ ಇಲ್ಲ.

ಆದರೆ ಮೋಸಕ್ಕೂ ಒಂದು ನ್ಯಾಯವಿದೆ. ಅಮೆರಿಕದ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಆರ್ಥರ್ ವಿನ್ ಎಂಬಾತನು 1913ರ ಡಿಸೆಂಬರ್ 21ರಂದು ವಜ್ರಾಕೃತಿಯ ಮೊದಲ ಪದಬಂಧವನ್ನು ಪ್ರಕಟಿಸಿದಾಗ ಸುಳಿವುಗಳು ನೇರವಾಗಿಯೇ ಇದ್ದುವು. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಯಲ್ಲಿ 1926ರಿಂದ ‘ಟಾರ್ಕ್ವೆಮಾಡ’ ಎಂಬ ಗುಪ್ತನಾಮದಿಂದ ಎಡ್ವರ್ಡ್ ಪೊವಿಸ್ ಮ್ಯಾದರ್ಸ್ ಎಂಬಾತನು ಗೂಢ ಸುಳಿವುಗಳನ್ನು ಬರೆಯತೊಡಗಿದನು. ಆ ಹೆಸರು ಸ್ಪೇನಿನಲ್ಲಿ ಧರ್ಮದ ಹೆಸರಿನಲ್ಲಿ ಜನರನ್ನು ಹಿಂಸಿಸಿದ ಒಬ್ಬ ವಿಚಾರಣಾಧಿಕಾರಿಯದು. ಓದುಗರಿಗೆ ಏನು ಕಾದಿದೆಯೆಂಬುದನ್ನು ಆತನು ಮರೆಮಾಚಲಿಲ್ಲ! ಅವನ ತರುವಾಯ 1939ರಲ್ಲಿ ಆ ಸ್ಥಾನಕ್ಕೆ ಬಂದ ಡೆರಿಕ್ ಮ್ಯಾಕ್‌ನಟ್ ಎಂಬ ಶಾಲಾ ಅಧ್ಯಾಪಕನು ‘ಕ್ಸಿಮೆನೆಸ್’ ಎಂಬ ಹೆಸರನ್ನು ತಳೆದನು. ಅದೂ ಅಂಥದೇ ಅಧಿಕಾರಿಯ ಹೆಸರು. ಆದರೆ ಈತನು ದಯಾಳು. ಸುಳಿವಿನಲ್ಲಿ ಅರ್ಥ ಖಚಿತವಾಗಿರಬೇಕು, ಅಕ್ಷರಗಳ ಕಟ್ಟಣೆಯ ಸೂಚನೆ ನ್ಯಾಯವಾಗಿರಬೇಕು, ಇವೆರಡಲ್ಲದ ಹೆಚ್ಚಿನ ಮಾತು ಸುಳಿವಿನಲ್ಲಿ ಇರಕೂಡದು ಎಂದು ಕಟ್ಟಳೆ ಮಾಡಿ 1966ರಲ್ಲಿ ಗ್ರಂಥವನ್ನೇ ಬರೆದನು. ದಾರಿ ತಪ್ಪಿಸಬಹುದು, ಸುಳ್ಳು ಹೇಳಬಾರದು. ನನ್ನ ಮಟ್ಟಿಗೆ, ಈ ಕಟ್ಟಳೆಯಿಂದಲೇ ಪದಬಂಧವು ವಿಜ್ಞಾನದ ನೆಂಟನಾಯಿತು. ಪ್ರಕೃತಿಯೂ ಮೇಲುನೋಟಕ್ಕೆ ದಾರಿ ತಪ್ಪಿಸುವುದು. ಸೂರ್ಯನು ಮೂಡಿ ಮುಳುಗುವಂತೆ ಕಾಣುವನು. ಆದರೆ ಸುಳ್ಳು ಹೇಳದು.

ಚೌಕಗಳ ಪ್ರಯೋಜನವೇನು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ‘ಜೀನಿಯಸ್’ ಎಂಬುದರ ಆರು ಬೇರೆಬೇರೆ ಅಕ್ಷರಗಳನ್ನು 6 × 5 × 4 × 3 × 2 × 1, ಎಂದರೆ 720 ರೀತಿಯಲ್ಲಿ ಸಾಲುಗೊಳಿಸಬಹುದು. ಅಡ್ಡಬಂದ ಬೇರೆ ಉತ್ತರಗಳಿಂದ ಎರಡು ಅಕ್ಷರಗಳ ಸ್ಥಾನ ತಿಳಿದರೆ ಉಳಿಯುವುದು ನಾಲ್ಕು. ಸಾಲುಗಳು 24 ಮಾತ್ರ. ಐನ್‌ಸ್ಟೈನರ ಹೆಸರಿನಲ್ಲಿ ಎಂಟು ಅಕ್ಷರಗಳಿದ್ದರೂ ಇ, ಐ, ಎನ್ ಎರಡೆರಡು ಸಲ ಬರುವುದರಿಂದ 40,320ನ್ನು 8ರಿಂದ ಭಾಗಿಸಬೇಕು, 5,040 ಬಂತು. ಗಣಕಯಂತ್ರವು ಇಷ್ಟನ್ನೂ ಒಂದೊಂದಾಗಿ ನೋಡುವ ಗೋಜಿಗೆ ಹೋಗಬೇಕಾಗಿಲ್ಲ. ನಿಘಂಟಿನ ಪ್ರತಿಯೊಂದು ಶಬ್ದದ ಅಕ್ಷರಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿಟ್ಟುಕೊಂಡರೆ ಸಾಕು. ‘ಬ್ರೇನಿ’, ಎಂದರೆ ಬುದ್ಧಿಶಾಲಿ, ಎಂಬ ಮಾತನ್ನು ಹೀಗೆ ಜೋಡಿಸಿದರೆ ಎ, ಬಿ, ಐ, ಎನ್, ಆರ್, ವೈ ಎಂದಾಗುತ್ತದೆ. ‘ಬೈನರಿ’, ಎಂದರೆ ಸೊನ್ನೆ ಒಂದುಗಳ ದ್ವಿಮಾನ ಪದ್ಧತಿ, ಎಂಬುದನ್ನು ಜೋಡಿಸಿದರೂ ಅದೇ ಸಾಲು. ಒಂದೇ ಸಾಲಿನ ಕೆಳಗೆ ಬರುವ ಶಬ್ದಗಳು ಒಂದಕ್ಕೊಂದು ಪಲ್ಲಟಗಳು. ಸೊನ್ನೆ ಒಂದುಗಳಲ್ಲಿಯೇ ಲೆಕ್ಕ ಹಾಕುವ ಯಂತ್ರವು ‘ಬ್ರೇನಿ’ಯನ್ನು ‘ಬೈನರಿ’ಯಲ್ಲಿ ಕಂಡುಹಿಡಿಯಲು ಎರಡರ ಅರ್ಥವನ್ನೂ ಅರಿಯಬೇಕಾಗಿಲ್ಲ. ಅರ್ಥ ತಿಳಿಯದಿರುವುದೇ ಇಲ್ಲಿ ಅದಕ್ಕೆ ಅನುಕೂಲ.

ಪದಬಂಧವೆಂಬುದು ಸಾಧ್ಯವಾದುದೇ ಏಕೆ ಎಂದು ಕೇಳಿದವರು ಕಡಮೆ. ಹಾಗೆ ಕೇಳಿ ಉತ್ತರವನ್ನೂ ಕೊಟ್ಟವನು ಅಮೆರಿಕದ ಕ್ಲಾಡ್ ಷಾನನ್. ಸುದ್ದಿಯನ್ನು ಅಳೆಯುವ ಗಣಿತವನ್ನು ಆತನು 1948ರಲ್ಲಿ ಪ್ರಕಟಿಸಿದನು. ‘ಪುಸ್ತ’ ಎಂದು ಬರೆದು ನಿಲ್ಲಿಸಿದರೆ ಮುಂದಿನ ಅಕ್ಷರ ‘ಕ’ ಎಂದು ನೀವು ಕಣ್ಣು ಮುಚ್ಚಿ ಹೇಳುವಿರಿ; ಆ ‘ಕ’ ಹೊಸದಾಗಿ ಏನನ್ನೂ ತಿಳಿಸಲಿಲ್ಲ. ಭಾಷೆಯಲ್ಲಿ ಹೀಗೆ ಮಿಗಿಲಾಗಿ ಇರುವ ಪಾಲನ್ನು ಅತಿರಿಕ್ತತೆ ಎನ್ನೋಣ. ಅತಿರಿಕ್ತತೆ ಸೊನ್ನೆಯಾದ ಭಾಷೆಯಲ್ಲಿ ಅಕ್ಷರಗಳನ್ನು ಹೇಗೆ ಸುರಿದರೂ ಅದೊಂದು ಶಬ್ದ. ಆದುದರಿಂದ ಯಾವ ಚೌಕವನ್ನು ಹೇಗೆ ತುಂಬಿದರೂ ಪದಬಂಧವೇ. ಅತಿರಿಕ್ತತೆ ತೀರ ಹೆಚ್ಚಾದರೆ ಅಕ್ಷರಗಳಿಗೆ ಕಟ್ಟುಪಾಡು ಬಿಗಿಯಾಗಿ, ಅಡ್ಡಸಾಲು ಉದ್ದಸಾಲುಗಳನ್ನು ದೊಡ್ಡ ಚೌಕದಲ್ಲಿ ಒಂದಕ್ಕೊಂದು ಹೆಣೆಯಲಾಗುವುದೇ ಇಲ್ಲ. ಇಂಗ್ಲಿಷಿನಲ್ಲಿ ಅದು ಸುಮಾರು ಶೇಕಡ 50 ಎಂದು ಷಾನನ್ ಎಣಿಸಿದನು; ಹಾಗಿದ್ದರೆ ಎರಡು ಆಯಾಮದ ದೊಡ್ಡ ಪದಬಂಧ ಈಗತಾನೆ ಸಾಧ್ಯವೆನ್ನುವ ಗಡಿಯಲ್ಲಿರುತ್ತದೆ. ಶೇಕಡ 33ಕ್ಕೆ ಇಳಿದಿದ್ದರೆ ಪೆಟ್ಟಿಗೆಯಂತೆ ಮೂರು ಆಯಾಮದ ಪದಬಂಧವನ್ನೂ ಕಟ್ಟಬಹುದಾಗಿತ್ತು!

ಈ ವಿನೋದಕ್ಕೆ ಒಂದು ಸಲ ಯುದ್ಧದ ಕೆಲಸವೂ ಬಿದ್ದಿತು. ಪದಬಂಧ ತೀರ ಸುಲಭವೆಂದು ಓದುಗರು ಜರೆದುದರಿಂದ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯು 1942ರ ಜನವರಿಯಲ್ಲಿ ತನ್ನ ಕಚೇರಿಯಲ್ಲಿಯೇ ಒಂದು ಸ್ಪರ್ಧೆಯನ್ನು ಏರ್ಪಡಿಸಿತು. ಅವಧಿ 12 ನಿಮಿಷ. ಗೆದ್ದವರು ಕೆಲವರೇ. ಕೆಲವು ವಾರಗಳ ತರುವಾಯ ಭಾಗವಹಿಸಿದ್ದವರಲ್ಲಿ ಹಲವರಿಗೆ ಯುದ್ಧ ಇಲಾಖೆಯಿಂದ ಗುಟ್ಟಿನ ಕರೆ ಬಂದು, ಅವರು ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುಗಳ ಸಂಕೇತಲಿಪಿಗಳನ್ನು ಒಡೆಯುವ ಕೆಲಸಕ್ಕೆ ಸೇರಿದರು. ಈ ಕಥೆಯನ್ನು ಹೇಳುವವರು ಪದಬಂಧವೇ ಮಹಾಯುದ್ಧವನ್ನು ಗೆದ್ದಿತೆಂಬಂತೆ ಹೇಳುವುದುಂಟು. ಅದು ಉತ್ಪ್ರೇಕ್ಷೆ. ಜರ್ಮನರ ‘ಎನಿಗ್ಮ’ ಯಂತ್ರದ ಒಳಗುಟ್ಟನ್ನು ಮೊದಲು ಒಡೆದವರು ಪೋಲೆಂಡಿನ ಮರಿಯನ್ ರೆಯೆವ್‌ಸ್ಕಿ; ಅದು 1932ರಲ್ಲಿ, ಮುಖ್ಯವಾಗಿ ಗಣಿತದಿಂದ. ಬ್ಲೆಚ್ಲಿಯಲ್ಲಿ ಅಲನ್ ಟ್ಯೂರಿಂಗನು ಬಳಸಿದುದೂ ಗಣಿತ ಮತ್ತು ಯಂತ್ರ. ಆದರೆ ಆ ಯಂತ್ರಕ್ಕೆ ಉಣಿಸಲು ಒಂದು ಊಹೆ ಬೇಕಾಗಿದ್ದಿತು: ಈ ಸಂದೇಶದಲ್ಲಿ ಇಂಥ ಮಾತು ಇಲ್ಲಿ ಇರಬಹುದೆಂಬ ಊಹೆ. ಎನಿಗ್ಮವು ಯಾವ ಅಕ್ಷರವನ್ನೂ ಅದೇ ಅಕ್ಷರವಾಗಿ ಸಂಕೇತಿಸುತ್ತಿರಲಿಲ್ಲ. ಊಹಿಸಿದ ಮಾತನ್ನು ಸಂಕೇತದ ಕೆಳಗಿಟ್ಟು ಸರಿಸುತ್ತ ಹೋದಾಗ, ಒಂದು ಕಡೆಯಾದರೂ ಮೇಲೆ ಕೆಳಗೆ ಒಂದೇ ಅಕ್ಷರ ಬಂದರೆ ಆ ಸ್ಥಾನ ತಪ್ಪೆಂದು ಬಿಟ್ಟುಬಿಡಬಹುದಾಗಿತ್ತು. ಊಹೆ ಮಾಡುವುದು, ಅಡ್ಡಸಾಲಿಗೆ ಹೊಂದದಿದ್ದರೆ ಮಮತೆಯಿಲ್ಲದೆ ಅಳಿಸುವುದು: ಪದಬಂಧದ ಚಟವುಳ್ಳವರಿಗೆ ಇದು ಕರಗತವಾಗಿದ್ದಿತು. ಜೀನಿಯಸ್ಸಿಗಿಂತ ಈ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬಂದಿತು.

ಹೆಚ್ಚಿನ ಬುದ್ಧಿಮತ್ತೆಯುಳ್ಳವರ ‘ಮೆನ್ಸ’ ಎಂಬ ಸಂಘವೊಂದು 1946ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಲ್ಯಾಟಿನ್ನಿನಲ್ಲಿ ‘ಮೆನ್ಸ’ ಎಂದರೆ ಮೇಜು. ಎಲ್ಲರೂ ಸಮಾನರಾಗಿ ಕುಳಿತುಕೊಳ್ಳುವ ಮೇಜು ಎಂಬ ಭಾವ. ಮೆಕ್ಸಿಕೋದ ಸ್ಪ್ಯಾನಿಷಿನಲ್ಲಿ ಅದೇ ಮಾತಿಗೆ ದಡ್ಡಿ ಎಂದು ಅರ್ಥ. ಪದಬಂಧ ಬರೆಯುವವನಿಗೆ ಇಂಥದು ಹಬ್ಬದೂಟ.

ಇಷ್ಟು ಹೊತ್ತೂ ನಾವು ಇಂಗ್ಲಿಷಿನಲ್ಲಿಯೇ ಸುತ್ತಿದೆವು. ಈ ಆಟವು ಕನ್ನಡಕ್ಕೆ ಹೊಂದುವುದೆ? ಗೂಢೋಕ್ತಿ ನಮಗೆ ಹೊಸದೇನೂ ಅಲ್ಲ. ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ಪ್ರಹೇಲಿಕೆಗಳನ್ನು ಹದಿನಾರು ಬಗೆಯಾಗಿ ವಿಂಗಡಿಸಿರುವನು. ಕನಕದಾಸರ ಮುಂಡಿಗೆಗಳು, ಹಳ್ಳಿಯ ಒಗಟುಗಳು ಎಲ್ಲರಿಗೂ ತಿಳಿದುವೇ. ಆದರೆ ಚೌಕಕ್ಕೆ ಬಂದಾಗ ಲಿಪಿಯ ಗುಣ ಅಡ್ಡಬರುತ್ತದೆ. ಇಂಗ್ಲಿಷಿನ ಒಂದು ಮನೆಯಲ್ಲಿ ಕೂರುವುದು ಒಂದು ವರ್ಣ. ಕನ್ನಡದ ಒಂದು ಮನೆಯಲ್ಲಿ ಕೂರುವುದು ಗುಣಿತ ಒತ್ತುಗಳೊಡನೆ ಇಡಿಯ ಒಂದು ಅಕ್ಷರ. ‘ಜೀನಿಯಸ್’ ಇಂಗ್ಲಿಷಿನಲ್ಲಿ ಆರು ಮನೆಯನ್ನು ತುಂಬಿದರೆ ನಮ್ಮ ‘ಮೇಧಾವಿ’ ತುಂಬುವುದು ಮೂರನ್ನೇ. ಅದರ ಪಲ್ಲಟಗಳು 720 ಅಲ್ಲ, ಕೇವಲ ಆರು. ಕಲಕಿ ಅಡಗಿಸಲು ಎಡೆಯೇ ಇಲ್ಲ. ‘ಜಾಣ’ನನ್ನು ತಿರುಗಿಸಿದರೆ ‘ಣಜಾ’. ಅಲ್ಲಿಗೆ ಮುಗಿಯಿತು. ಇನ್ನೊಂದು ತೊಡಕೆಂದರೆ, ಅವರಿಗೆ 26 ಅಕ್ಷರಗಳಾದರೆ ನಮ್ಮ ಕಾಗುಣಿತದಲ್ಲಿ ಒತ್ತಕ್ಷರಗಳನ್ನು ಬಿಟ್ಟರೂ ನಾನೂರಕ್ಕೆ ಮೀರಿದ ಅಕ್ಷರಗಳು. ಅಡ್ಡಪದಕ್ಕೂ ಉದ್ದಪದಕ್ಕೂ ಒಂದೇ ಅಕ್ಷರ ಒದಗುವ ಸಂಭವ ಅಷ್ಟರ ಮಟ್ಟಿಗೆ ಕಡಮೆ. ಪಲ್ಲಟವನ್ನೇ ನೆಚ್ಚಿ ಇಂಗ್ಲಿಷಿನ ಸುಳಿವುಗಳನ್ನು ಅನುಕರಿಸಹೊರಟರೆ ಕನ್ನಡದಲ್ಲಿ ಒಣಕಸರತ್ತಾಗುವುದು.

ಅವರಿಗಿಲ್ಲದ ಐಶ್ವರ್ಯ ನಮಗೆ ಬೇರೆ ಕಡೆ ಉಂಟು. ಕನ್ನಡದ ಒಂದೇ ಪದಕ್ಕೆ ಸಂಸ್ಕೃತದಲ್ಲೊಂದು, ದೇಶ್ಯದಲ್ಲೊಂದು ಅರ್ಥವಿರುವುದು ಮೇಲಿಂದ ಮೇಲೆ ಒದಗುತ್ತದೆ. ‘ಕವಿ’ ಎಂದರೆ ಕಾವ್ಯ ಬರೆಯುವವನು, ವಿದ್ವಾಂಸ. ಶುಕ್ರನಿಗೂ ಆ ಹೆಸರುಂಟು. ಅಚ್ಚಗನ್ನಡದಲ್ಲಿ ‘ಕವಿ’ ಎಂಬುದು ಮೋಡವು ಮಾಡುವ ಕೆಲಸ. ಅಮರಕೋಶದಲ್ಲಿ ವಿದ್ವಾಂಸನಿಗೆ ಹೇಳಿರುವ ಪರ್ಯಾಯಪದಗಳನ್ನು ಓದುತ್ತ ಹೋದರೆ ಸುಳಿವುಗಳು ತಾವಾಗಿ ಹುಟ್ಟುತ್ತವೆ. ‘ಬುಧ’ನು ಪಂಡಿತನೂ ಹೌದು, ಸೂರ್ಯನಿಗೆ ಅತಿ ಹತ್ತಿರದ ಗ್ರಹವೂ ಹೌದು. ‘ದೋಷಜ್ಞ’ನು ತಪ್ಪನ್ನು ಬಲ್ಲ ವಿದ್ವಾಂಸ, ವಾತ ಪಿತ್ತ ಕಫಗಳೆಂಬ ದೋಷಗಳನ್ನು ಬಲ್ಲ ವೈದ್ಯ. ‘ಪ್ರವೀಣ’ನೆಂದರೆ ಮೊದಲು ವೀಣೆಯಲ್ಲಿ ನುರಿತವನು, ‘ಕುಶಲ’ನೆಂದರೆ ಕೈ ಕುಯ್ಯದಂತೆ ದರ್ಭೆಯನ್ನು ಕತ್ತರಿಸಿ ತರಬಲ್ಲವನು ಎಂದು ಶಾಸ್ತ್ರಕಾರರು ವ್ಯುತ್ಪತ್ತಿ ಹೇಳುವರು. ‘ಕುಶಾಗ್ರಮತಿ’ಯಲ್ಲಿರುವುದೂ ಅದೇ ದರ್ಭೆಯ ತುದಿ.

ನನ್ನ ಮಿತ್ರನು ಆ ಅರ್ಜಿಯನ್ನು ಹರಿದುಹಾಕಿದನು. ವಾಚನಾಲಯದಲ್ಲಿ ಇಂಗ್ಲಿಷ್ ಪದಬಂಧವನ್ನು ನಾವಿಬ್ಬರೂ ಸೇರಿ ಅರ್ಧದ ಮಟ್ಟಿಗೆ ತುಂಬಬಲ್ಲವರಾದುದು ಆರು ತಿಂಗಳ ಮೇಲೆ; ಪೂರ್ತಿಯಾಗಿ ತುಂಬಿದ್ದು ಬಹಳ ಕಡಮೆ. ಅವನು ಮುಂದೆ ಗಣಿತದ ಅಧ್ಯಾಪಕನಾಗಿ ನಿವೃತ್ತನಾದನು. ಆದರೆ ಅವನ ಮೊದಲ ಕನ್ನಡ ಸುಳಿವು ಹುಟ್ಟಿದುದು ವಿದ್ಯಾರ್ಥಿನಿಲಯದಲ್ಲಿಯೇ. ಅದನ್ನು ಸುಣ್ಣದ ಕಡ್ಡಿಯಿಂದ ಬಾಗಿಲ ಹಿಂದೆ ಬರೆದಿಟ್ಟಿದ್ದನು: “ಬಂದೂಕು ಕೊಡುವವನು ಪಂಡಿತ (3).” ನಾನು ಸೈನ್ಯದ ಉಗ್ರಾಣದವರೆಗೆ ಹೋಗಿ ಬಂದೆನು. ಗೋಡೆ ಇರಬೇಕಾದುದು ‘ಕೊಡುವವನು’ ಎಂಬುದರ ಮುಂದೆ. ಬಂದೂಕಿಗೆ ಕನ್ನಡದಲ್ಲಿ ‘ಕೋವಿ’. ವರವನ್ನು ಕೊಡುವವನು ‘ವರದ’, ಜಲವನ್ನು ಕೊಡುವುದು ‘ಜಲದ’. ಹಾಗೆ ‘ದ’ ಎಂದರೆ ಕೊಡುವವನು. ಕೋವಿಯೂ ದವೂ ಸೇರಿ ‘ಕೋವಿದ’. ಕನ್ನಡ ಮಾತಿಗೆ ಸಂಸ್ಕೃತದ ಬಾಲವನ್ನು ಅಂಟಿಸುವುದು ಅರಿಸಮಾಸವೆಂದು ನಾನು ಆಕ್ಷೇಪಿಸಿದೆನು. “ಅರಿ ಅಂದರೆ ಶತ್ರು ತಾನೆ? ಕೋವಿ ಇರುವ ಕಡೆ ಶತ್ರು ಇರಲೇಬೇಕಲ್ಲ” ಎಂದನು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹೋದ ತಿಂಗಳು ಅವನಿಂದ ಒಂದು ಕಾರ್ಡು ಬಂದಿತು. ಕ್ಷೇಮಸಮಾಚಾರ ಎರಡು ಸಾಲು, ಮೂರನೆಯ ಸಾಲಿನಲ್ಲಿ ಹೊಸ ಸುಳಿವು: “ಹಕ್ಕಿ ಮತ್ತು ಗಳಿಗೆ: ಬುದ್ಧಿವಂತ (4).” ಅದು ನನ್ನನ್ನು ಎರಡು ದಿನ ಕಾಡಿತು. ಸಂಸ್ಕೃತದಲ್ಲಿ ಹಕ್ಕಿಗೆ ‘ವಿ’ ಎಂಬ ಒಂದಕ್ಷರದ ಹೆಸರುಂಟೆಂಬುದೂ, ಸುಳಿವಿನ ‘ಮತ್ತು’ ಎಂಬ ಮಾತನ್ನು ಸುಮ್ಮನೆ ದಾಟಿಹೋಗಬಾರದೆಂಬುದೂ ನೆನಪಾದ ಮೇಲೆ, ಮಸಿಯ ಲೇಖನಿಯಿಂದಲೇ ಉತ್ತರವನ್ನು ಬರೆದು ಅಂಚೆಗೆ ಹಾಕಿದೆನು.